ಬ್ಯಾಂಕ್ ಪೋರ್ಟಲ್, ಏರ್‌ಲೈನ್ ಮೈಲ್ಸ್, ಮಧ್ಯೆ ಸಿಕ್ಕಿಕೊಂಡ ನನ್ನ ಇನಿಷಿಯಲ್

ಮೊದಲೇ ಹೇಳಿಬಿಡುತ್ತೇನೆ. ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಬಳಸಿ ವಿದೇಶಕ್ಕೆ ಹೋಗುವುದಾದರೆ ನನ್ನ ಓಟು ಏರ್‌ಲೈನ್ ಮೈಲ್ಸ್‌ಗೆ, ಅಂದರೆ ಕಾರ್ಡ್ ಪಾಯಿಂಟ್ಸನ್ನು ಏರ್‌ಲೈನ್ ಖಾತೆಗೆ ಕಳಿಸಿದಾಗ ಸಿಗುವ ಅವರ ಪಾಯಿಂಟ್ಸ್‌ಗೆ. ಪಾಯಿಂಟ್ಸ್ ಕೊಟ್ಟು ಟಿಕೆಟ್ ಕೊಳ್ಳುವ ಬ್ಯಾಂಕಿನ ವೆಬ್‌ಸೈಟ್, ಅಂದರೆ ಟ್ರಾವೆಲ್ ಪೋರ್ಟಲ್‌ನಲ್ಲಿ ಒಂದು ಸಲ ಟಿಕೆಟ್ ಮಾಡಿ ಸಾಕುಸಾಕಾಯಿತು. ಹಾಗಂತ ಪೋರ್ಟಲ್ ಎಲ್ಲರಿಗೂ ಕೆಟ್ಟದ್ದು ಅಂತಲ್ಲ. ನನ್ನ ತಮ್ಮನಿಗೆ ಎರಡೂ ಬೇಡ, ಅದಕ್ಕೂ ಕಾರಣ ಇದೆ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ರಜೆ ಸಿಗುವುದು ಎರಡೇ ಸಲ, ದಸರಾಕ್ಕೆ ಮತ್ತು ಬೇಸಿಗೆಗೆ. ಅಂದರೆ ಎಲ್ಲರೂ ಹೊರಡುವ ಹೊತ್ತಿಗೇ ನಾನೂ ಹೊರಡಬೇಕು, ಟಿಕೆಟ್ ದರ ಏರಿದಾಗಲೇ ಕೊಳ್ಳಬೇಕು. ಜೊತೆಗೆ ಅಮ್ಮ ಇರುತ್ತಾರೆ. ಮನೆ ಸಾಮಾನು, ಇನ್ಶೂರೆನ್ಸ್ ಕಂತು, ಕರೆಂಟ್ ಬಿಲ್, ಹೀಗೆ ಆಗಲೇಬೇಕಾದ ಖರ್ಚೆಲ್ಲ ಒಂದೇ ಕಾರ್ಡ್‌ಗೆ ಹಾಕಿ, ತಿಂಗಳ ಬಿಲ್ ಪೂರ್ತಿ ಕಟ್ಟುತ್ತೇನೆ. ಪೂರ್ತಿ ಕಟ್ಟಲು ಆಗದವರು ದಯವಿಟ್ಟು ಪಾಯಿಂಟ್ಸ್ ಹಿಂದೆ ಬೀಳಬೇಡಿ. ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಮುಂದೆ ಯಾವ ಪಾಯಿಂಟೂ ನಿಲ್ಲುವುದಿಲ್ಲ.

ಮೊದಲ ಪ್ರವಾಸ 2024ರ ದಸರಾ ರಜೆಯಲ್ಲಿ, ಮಲೇಷ್ಯಾಕ್ಕೆ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಅಲ್ಲಿ 30 ದಿನದವರೆಗೆ ವೀಸಾ ಬೇಕಿಲ್ಲ ಎಂದಾಗಿತ್ತು. ಅದೇ ಧೈರ್ಯ. ಬ್ಯಾಂಕಿನ ಪೋರ್ಟಲ್ ತೆರೆದೆ. ಬೆಂಗಳೂರಿಂದ ಕ್ವಾಲಾಲಂಪುರ, ಹೋಗಿಬರಲು ಇಬ್ಬರಿಗೆ. ನನ್ನ ಕಾರ್ಡ್‌ನಲ್ಲಿ ಒಂದು ಪಾಯಿಂಟ್‌ಗೆ 40 ಪೈಸೆ ಲೆಕ್ಕ. ಪಾಯಿಂಟ್ಸ್ ಕಳೆದು ಉಳಿದದ್ದನ್ನು ಕಾರ್ಡ್‌ನಲ್ಲೇ ಕಟ್ಟಿದೆ. ಹತ್ತು ನಿಮಿಷದ ಕೆಲಸ. ಸುಲಭದ ವಿಷಯದಲ್ಲಿ ಪೋರ್ಟಲ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಹೊರಡಲು ಹತ್ತೊಂಬತ್ತು ದಿನ ಇತ್ತು. ಜೆರಾಕ್ಸ್ ಅಂಗಡಿಯಲ್ಲಿ ಟಿಕೆಟ್ ಪ್ರಿಂಟ್ ತೆಗೆಸಿ ತಂದು ಊಟದ ಟೇಬಲ್ ಮೇಲೆ ಇಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಟಿಕೆಟ್, ಇನ್ನೊಂದು ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದು ಒಂದೊಂದೇ ಅಕ್ಷರ ಓದುತ್ತಿದ್ದರು. "ಇದೇನೇ, ಇದರಲ್ಲಿ ಅಪ್ಪನ ಹೆಸರೇ ಇಲ್ಲ?" ಅಂದರು.

ನಮ್ಮ ಕಡೆ ಹೆಸರು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ. ಶಾಲೆ ದಾಖಲೆಯಲ್ಲಿ, ಬ್ಯಾಂಕಿನಲ್ಲಿ, ಸಂಬಳದ ಚೀಟಿಯಲ್ಲಿ ನಾನು ಎಚ್. ಎಸ್. ಇನಿಷಿಯಲ್‌ನವಳು. ಎಚ್ ಅಂದರೆ ಹುಣಸೂರು, ಎಸ್ ಅಂದರೆ ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು ಎಂದರು. ಹಾಗಾಗಿ ಅಲ್ಲಿ ಗಿವನ್ ನೇಮ್ ಜಾಗದಲ್ಲಿ ನನ್ನ ಹೆಸರು, ಸರ್‌ನೇಮ್ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು. ಹುಣಸೂರಿನ ಸುಳಿವೇ ಇಲ್ಲ. ಪೋರ್ಟಲ್ ಮಾತ್ರ ಬ್ಯಾಂಕಿನ ದಾಖಲೆಯಿಂದ ಹೆಸರನ್ನು ತಾನೇ ಎತ್ತಿ ತುಂಬಿಸಿತ್ತು. ಟಿಕೆಟ್‌ನಲ್ಲಿ ನನ್ನ ಸರ್‌ನೇಮ್ ಬರೀ "ಎಚ್ ಎಸ್". ನಾನು ಅಮ್ಮನ ಹೆಸರನ್ನು ಎರಡೆರಡು ಸಲ ನೋಡಿದ್ದೆ. ನನ್ನದು ಸರಿಯಾಗಿಯೇ ಇರುತ್ತದೆ ಎಂದು ಮುಂದೆ ಒತ್ತಿಬಿಟ್ಟಿದ್ದೆ.

ಬೆಳಗ್ಗೆ ಎದ್ದವಳೇ ಏರ್‌ಲೈನ್‌ಗೆ ಫೋನ್ ಮಾಡಿದೆ. ಅವರು ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಟಿಕೆಟ್ ಏಜೆಂಟ್ ಮೂಲಕ ಆಗಿದೆ, ನಾವು ಮುಟ್ಟುವ ಹಾಗಿಲ್ಲ, ಅವರೇ ತಿದ್ದಬೇಕು ಎಂದರು. ಯಾವ ಏಜೆಂಟು? ನಾನು ಬ್ಯಾಂಕಿನಿಂದ ಕೊಂಡೆ ಅಂದುಕೊಂಡಿದ್ದೆ. ಬ್ಯಾಂಕಿಗೆ ಫೋನ್ ಮಾಡಿದರೆ, ಪೋರ್ಟಲ್ ನಡೆಸುವುದು ಬೇರೆ ಕಂಪನಿ, ಅವರಿಗೆ ಮೇಲ್ ಹಾಕಿ ಎಂದರು. ಮೇಲ್ ಹಾಕಿದೆ. 48 ಗಂಟೆಯಲ್ಲಿ ಉತ್ತರ ಬರುತ್ತದೆ ಎಂಬ ಉತ್ತರ ಬಂತು. ನಾಲ್ಕನೇ ದಿನ ಪಾಸ್‌ಪೋರ್ಟ್ ಪ್ರತಿ ಕೇಳಿದರು, ಕೊಟ್ಟೆ. ಆರನೇ ದಿನ ಬೇರೆ ಯಾರೋ ಮತ್ತೆ ಅದೇ ಪ್ರತಿ ಕೇಳಿದರು. ಸ್ಟಾಫ್ ರೂಮಿನಲ್ಲಿ, ಬಸ್ ಸ್ಟಾಪಿನಲ್ಲಿ, ಒಂಬತ್ತನೇ ತರಗತಿಯ ಪರೀಕ್ಷೆ ಪೇಪರ್ ತಿದ್ದುವಾಗ, ಎಲ್ಲ ಕಡೆ ಆ ಫೋನು ಕಿವಿಗೇ ಅಂಟಿತ್ತು. ಎಷ್ಟೋ ಸಲ ಕಣ್ಣಲ್ಲಿ ನೀರು ಬಂದಿದೆ.

ಎಂಟನೇ ದಿನ ಬಂದ ಉತ್ತರ ಇದು: ಹೆಸರು ತಿದ್ದಲು ಬರುವುದಿಲ್ಲ, ರದ್ದು ಮಾಡಿ ಹೊಸದಾಗಿ ಕೊಳ್ಳಿ. ಅಷ್ಟರಲ್ಲಿ ದಸರಾ ಹತ್ತಿರ ಬಂದು ದರ ಮೇಲೇರಿತ್ತು. ನನ್ನ ಟಿಕೆಟ್ ರದ್ದು ಮಾಡಿ, ಅದೇ ವಿಮಾನಕ್ಕೆ ಏರ್‌ಲೈನ್ ವೆಬ್‌ಸೈಟಿನಲ್ಲಿ ನೇರವಾಗಿ ಕೊಂಡೆ. 9,000 ರೂಪಾಯಿ ಜಾಸ್ತಿ ಬಿತ್ತು. ಪಾಯಿಂಟ್ಸ್ ಮೂರು ವಾರದ ನಂತರ ವಾಪಸ್ ಬಂತು. ರದ್ದತಿ ಶುಲ್ಕ ಹೋಗಿದ್ದು ಹೋಯಿತು. ಇಷ್ಟೆಲ್ಲ ಎರಡು ಅಕ್ಷರಕ್ಕೆ!

ಮಲೇಷ್ಯಾ ಚೆನ್ನಾಗಿತ್ತು. ಅದು ಬೇರೆ ಮಾತು.

ಎರಡನೇ ಸಲ, 2025ರ ಮೇ ತಿಂಗಳಲ್ಲಿ, ಸಿಂಗಾಪುರ. ಈ ಸಲ ಪಾಯಿಂಟ್ಸನ್ನು ಸಿಂಗಾಪುರ್ ಏರ್‌ಲೈನ್ಸ್‌ನ ಮೈಲ್ಸ್ ಖಾತೆಗೆ (ಅದರ ಹೆಸರು ಕ್ರಿಸ್‌ಫ್ಲೈಯರ್) ಕಳಿಸಿ, ಅವರ ವೆಬ್‌ಸೈಟಿನಲ್ಲೇ ಟಿಕೆಟ್ ಮಾಡಿದೆ. ಖಾತೆ ತೆರೆಯಲು ದುಡ್ಡಿಲ್ಲ. ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಇದ್ದ ಹಾಗೇ ಹೆಸರು ತುಂಬಿದೆ. ಆದರೆ ಅದಕ್ಕೂ ಮೊದಲು ಬ್ಯಾಂಕಿನ ಬ್ರಾಂಚಿಗೆ ಹೋಗಿ ಅಲ್ಲಿನ ಹೆಸರನ್ನೂ ಪಾಸ್‌ಪೋರ್ಟ್‌ಗೆ ತಕ್ಕ ಹಾಗೆ ಮಾಡಿಸಿಕೊಂಡೆ. ಎರಡೂ ಕಡೆ ಹೆಸರು ಹೊಂದದಿದ್ದರೆ ಪಾಯಿಂಟ್ಸ್ ಕಳಿಸುವಾಗ ಮತ್ತೆ ತೊಡಕಾದೀತು ಎಂಬ ಭಯ. ಒಂದು ಫಾರಂ, ಪಾಸ್‌ಪೋರ್ಟ್ ಮತ್ತು ಆಧಾರ್ ಪ್ರತಿ, ಒಂದು ವಾರ. ನೀವು ಯಾವ ದಾರಿ ಹಿಡಿದರೂ ಈ ಕೆಲಸ ಮೊದಲು ಮುಗಿಸಿ. ಇನಿಷಿಯಲ್ ಇರುವ ಪ್ರತಿಯೊಬ್ಬರಿಗೂ ಹೇಳುತ್ತಿದ್ದೇನೆ.

ಅಮ್ಮನದು ಇನ್ನೊಂದು ಬಗೆ. ಅವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದ, ಸರ್‌ನೇಮ್ ಜಾಗ ಖಾಲಿ. ಇಂಥ ಹೆಸರನ್ನು ಹೇಗೆ ತುಂಬಬೇಕು ಎಂಬುದು ಒಂದೊಂದು ಏರ್‌ಲೈನ್‌ನಲ್ಲಿ ಒಂದೊಂದು ಥರ. ಅವರನ್ನೇ ಕೇಳಿದೆ, ಹೇಳಿದ ಹಾಗೆ ತುಂಬಿದೆ. ನನಗೆ ಮೈಲ್ಸ್ ಇಷ್ಟವಾಗಿದ್ದು ಇದೇ ಕಾರಣಕ್ಕೆ. ಟಿಕೆಟ್ ಕೊಟ್ಟವರೂ ವಿಮಾನ ಹಾರಿಸುವವರೂ ಒಬ್ಬರೇ. ಮಧ್ಯೆ ಯಾರೂ ಇಲ್ಲ. ನನ್ನ ಮೈಲ್ಸ್‌ನಿಂದ ಅಮ್ಮನಿಗೆ ಟಿಕೆಟ್ ಮಾಡಲು ಅವರನ್ನು ನಾಮಿನಿಯಾಗಿ ಸೇರಿಸಬೇಕಿತ್ತು. ಹೀಗೆ ಐದು ಜನರನ್ನು ಸೇರಿಸಬಹುದು. ಮನೆಮಂದಿಗೆ ಅಷ್ಟು ಸಾಕು.

ತೊಡಕು ಇಲ್ಲಿಯೂ ಇದೆ. ಪಾಯಿಂಟ್ಸ್ ಒಮ್ಮೆ ಕಳಿಸಿದರೆ ಬ್ಯಾಂಕಿಗೆ ವಾಪಸ್ ಬರುವುದಿಲ್ಲ. ಕಳಿಸಿದ್ದು ತಲುಪಲು ನನಗೆ ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ನಾನು ಕಣ್ಣಿಟ್ಟಿದ್ದ ಶನಿವಾರದ ಸೀಟು ಹೋಗಿ, ಶುಕ್ರವಾರಕ್ಕೆ ಒಪ್ಪಿಕೊಂಡೆ. ಕಡಿಮೆ ಮೈಲ್ಸ್‌ಗೆ ಸಿಗುವ ಸೀಟನ್ನು ಅವರು ಸೇವರ್ ಅನ್ನುತ್ತಾರೆ. ಅವು ಲೆಕ್ಕದ ಸೀಟುಗಳು. ಸಿಗದಿದ್ದರೆ ವೇಯ್ಟ್‌ಲಿಸ್ಟ್, ಇಲ್ಲವೇ ಜಾಸ್ತಿ ಮೈಲ್ಸ್ ಕೊಡಬೇಕು. ಬುಕಿಂಗ್ 355 ದಿನ ಮುಂಚೆಯೇ ತೆರೆಯುತ್ತದೆ. ನಾನು ನವೆಂಬರ್‌ನಲ್ಲೇ ಮೇ ತಿಂಗಳಿಗೆ ಹುಡುಕಿದ್ದೆ. ನಮ್ಮ ರಜೆ ಯಾವಾಗ ಅಂತ ಹೇಗೂ ಗೊತ್ತಿರುತ್ತದೆ. ಮೇಷ್ಟ್ರು ಕೆಲಸದಲ್ಲಿ ಇದೊಂದು ಅನುಕೂಲ. ಸೀಟು ನೋಡಿದ ಮೇಲೆಯೇ ಪಾಯಿಂಟ್ಸ್ ಕಳಿಸಿ. ಸುಮ್ನೆ ಕಳಿಸಿ ಇಟ್ಟುಕೊಂಡರೆ 36 ತಿಂಗಳಿಗೆ ಮೈಲ್ಸ್ ಮುಗಿದುಹೋಗುತ್ತದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಮೈಲ್ಸ್ ಟಿಕೆಟ್ ಪೂರ್ತಿ ಬಿಟ್ಟಿ ಅಲ್ಲ, ತೆರಿಗೆ ಕಟ್ಟಬೇಕು. ಹಾಗಾಗಿ ದುಡ್ಡಿನ ದರದಿಂದ ಆ ತೆರಿಗೆ ಕಳೆದು, ಉಳಿದದ್ದನ್ನು ಮೈಲ್ಸ್‌ನಿಂದ ಭಾಗಿಸಿ. ಲೆಕ್ಕ ಸುಲಭವಾಗಲಿ ಅಂತ ಒಂದು ಕಡೆಗೆ 20,000 ಮೈಲ್ಸ್, 4,000 ರೂಪಾಯಿ ತೆರಿಗೆ ಅಂದುಕೊಳ್ಳಿ. ಜನ ಇಲ್ಲದ ತಿಂಗಳಲ್ಲಿ ಅದೇ ಟಿಕೆಟ್ 14,000ಕ್ಕೆ ಸಿಕ್ಕರೆ ಉಳಿಯುವುದು 10,000. ಮೈಲ್‌ಗೆ 50 ಪೈಸೆ. ಪೋರ್ಟಲ್‌ನ 40 ಪೈಸೆಗಿಂತ ತೀರಾ ಹೆಚ್ಚೇನಲ್ಲ. ರಜೆಯಲ್ಲಿ ಅದೇ ಟಿಕೆಟ್ 26,000 ಆದರೆ ಉಳಿಯುವುದು 22,000, ಮೈಲ್‌ಗೆ 1 ರೂಪಾಯಿ 10 ಪೈಸೆ. ದುಡ್ಡಿನ ದರ ಏರಿದರೂ ಸೇವರ್ ಸೀಟಿಗೆ ಬೇಕಾದ ಮೈಲ್ಸ್ ಏರುವುದಿಲ್ಲ. ರಜೆಯಲ್ಲಷ್ಟೇ ಹೊರಡಲು ಆಗುವ ನನ್ನಂಥವಳಿಗೆ ಇದು ದೊಡ್ಡ ವರ. ಇದು ನನ್ನ ಕಾರ್ಡ್‌ನಲ್ಲಿ ಒಂದು ಪಾಯಿಂಟ್‌ಗೆ ಒಂದು ಮೈಲ್ ಸಿಗುವುದರಿಂದ. ಎರಡು ಪಾಯಿಂಟ್‌ಗೆ ಒಂದು ಮೈಲ್ ಕೊಡುವ ಕಾರ್ಡ್ ಆದರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಕಾರ್ಡ್‌ನದ್ದು ನೋಡಿಕೊಳ್ಳಿ.

ಗಿಫ್ಟ್ ವೋಚರ್: ನಾನು ನೋಡಿದ ಆಯ್ಕೆಗಳಲ್ಲಿ ಪಾಯಿಂಟ್‌ಗೆ ಬೆಲೆ ಎಲ್ಲಕ್ಕಿಂತ ಕಡಿಮೆ.

ಕ್ಯಾಷ್‌ಬ್ಯಾಕ್: ಇದು ನನ್ನ ತಮ್ಮನ ದಾರಿ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಫೆಬ್ರವರಿಯ ಮಂಗಳವಾರ ಬೇಕಾದರೂ ರಜೆ ಹಾಕುತ್ತಾನೆ. ಅಗ್ಗದ ಟಿಕೆಟ್ ಕಂಡ ದಿನ ಕೊಳ್ಳುತ್ತಾನೆ, ಕ್ಯಾಷ್‌ಬ್ಯಾಕ್ ನೇರ ಬಿಲ್‌ಗೆ ಬರುತ್ತದೆ. "ಅಕ್ಕಾ, ಸೀಟು ಹುಡುಕುತ್ತಾ ಕೂರುವ ತಾಳ್ಮೆ ನನಗಿಲ್ಲ" ಅನ್ನುತ್ತಾನೆ. ಅವನ ಮಟ್ಟಿಗೆ ಅವನು ಹೇಳುವುದು ಸರಿ.

ಪ್ಯಾಕೇಜ್ ಟೂರ್ ಬಗ್ಗೆಯೂ ಕೇಳುತ್ತಾರೆ. ಊಟ, ಬಸ್ಸಿನ ಯೋಚನೆ ಇಲ್ಲ, ನಿಜ. ನಾವು ಸಿಂಗಾಪುರಕ್ಕೆ ಹೋದ 2025ರಲ್ಲಿ ವಿದೇಶಿ ಪ್ಯಾಕೇಜ್‌ಗೆ ಶೇ. 5ರಿಂದ ಶುರುವಾಗುವ ಟಿಸಿಎಸ್ ಇತ್ತು, ಅಂದರೆ ಕೊಳ್ಳುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ದುಡ್ಡು ಸಿಕ್ಕಿಕೊಂಡಿರುತ್ತದೆ. ಅಮ್ಮನಿಗೆ ನಿಧಾನ ನಡೆಯಬೇಕು, ಗುಂಪಿನ ಹಿಂದೆ ಓಡಲು ಆಗುವುದಿಲ್ಲ. ಹಾಗಾಗಿ ನಮಗೆ ಒಗ್ಗದು.

ಮೈಲ್ಸ್‌ನಲ್ಲಿ ಉಳಿಸಿದ್ದನ್ನು ಅಲ್ಲಿ ಹೋಗಿ ಕಳೆದುಕೊಳ್ಳಬಾರದಲ್ಲ. ವಿದೇಶದಲ್ಲಿ ಸಾಮಾನ್ಯ ಕಾರ್ಡ್ ಉಜ್ಜಿದರೆ ಬ್ಯಾಂಕ್ ಹಾಕುವ ಮಾರ್ಕಪ್ ಎಂಬ ಶುಲ್ಕ ಸಾಮಾನ್ಯವಾಗಿ ಶೇ. 3.5, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4.13. ಮಾರ್ಕಪ್ ಇಲ್ಲದ ಇನ್ನೊಂದು ಕಾರ್ಡ್ ಒಯ್ದಿದ್ದೆ. ಸಿಂಗಾಪುರದ ಸೆರಂಗೂನ್ ರಸ್ತೆಯ ಒಂದು ಅಂಗಡಿಯಲ್ಲಿ ಮೆಷಿನ್ ಮೇಲೆ ಎರಡು ಆಯ್ಕೆ ಬಂತು, ರೂಪಾಯಿಯೋ ಸಿಂಗಾಪುರ ಡಾಲರೋ. ರೂಪಾಯಿ ನೋಡಿದ ತಕ್ಷಣ ಅಮ್ಮನಿಗೆ ಖುಷಿ, ನಮ್ಮ ದುಡ್ಡೇ ಇರಲಿ ಅಂದರು. ನಾನು ಡಾಲರ್ ಒತ್ತಿದೆ. ರೂಪಾಯಿ ಒತ್ತಿದರೆ ಆ ಮೆಷಿನ್ ಕಡೆಯವರು ಹಾಕಿದ ದರದಲ್ಲಿ ಲೆಕ್ಕವಾಗುತ್ತದೆ, ಅದು ನಮಗೆ ತುಟ್ಟಿ. ಮೆಟ್ರೋ, ಬಸ್ಸಿಗೂ ಕಾರ್ಡ್ ತಟ್ಟಿದರೆ ಸಾಕು. ಆದರೆ ಒಬ್ಬರಿಗೆ ಒಂದು ಕಾರ್ಡ್ ಬೇಕು, ಅಮ್ಮನಿಗೆ ನನ್ನ ಖಾತೆಗೇ ಸೇರಿದ ಆಡ್ ಆನ್ ಕಾರ್ಡ್ ಮಾಡಿಸಿದ್ದೆ. ವಿದೇಶಿ ಕಾರ್ಡ್‌ಗೆ ದಿನಕ್ಕೆ 60 ಸೆಂಟ್ಸ್ ಶುಲ್ಕ ಬೀಳುತ್ತದೆ, ಅಷ್ಟು ಕೊಡಬಹುದು.

ಸಿಂಗಾಪುರಕ್ಕೆ ವೀಸಾ ಬೇಕು, ಅಧಿಕೃತ ಏಜೆಂಟ್ ಮೂಲಕ ಅರ್ಜಿ. ಸಿಂಗಾಪುರ, ಮಲೇಷ್ಯಾ ಎರಡಕ್ಕೂ ಇಳಿಯುವ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಫಾರಂ ತುಂಬಬೇಕು. ಸರ್ಕಾರಿ ತಾಣದಲ್ಲಿ ಎರಡೂ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ.

ಸಿಂಗಾಪುರಕ್ಕೆ ಹೊರಟ ದಿನ, ಮೈಸೂರಿಂದ ನೇರ ಬೆಂಗಳೂರು ಏರ್‌ಪೋರ್ಟ್‌ಗೆ ಹೋಗುವ ಫ್ಲೈಬಸ್ ಹತ್ತಿ, ಟರ್ಮಿನಲ್ 2ರಲ್ಲಿ ಚೆಕ್ ಇನ್ ಕೌಂಟರ್ ಮುಂದೆ ನಿಂತಾಗ ನನ್ನ ಕೈ ಸ್ವಲ್ಪ ನಡುಗುತ್ತಿತ್ತು. ಆ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಪರದೆ ನೋಡಿದಳು, ಎರಡು ಬೋರ್ಡಿಂಗ್ ಪಾಸ್ ಕೊಟ್ಟಳು. ಒಂದು ಪ್ರಶ್ನೆಯೂ ಇಲ್ಲ.

ಮುಂದಿನ ಸಲ ದುಬೈ. ದೊಡ್ಡಮ್ಮನ ಮಗ ಅಲ್ಲಿದ್ದಾನೆ, ಬಾ ಬಾ ಅಂತ ಕರೆಯುತ್ತಿದ್ದಾನೆ. ಆದರೆ 2022ರ ನವೆಂಬರ್‌ನಿಂದ ಯುಎಇ ಪ್ರವಾಸಿ ವೀಸಾಗೆ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್ ಕಷ್ಟ. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರು ಇರಬೇಕು. ಅಮ್ಮನ ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಿದೆ. ಸರ್‌ನೇಮ್ ಜಾಗಕ್ಕೆ ಅವರಪ್ಪನ ಹೆಸರು ಬರೆಯುವುದೋ, ನಮ್ಮಪ್ಪನ ಹೆಸರು ಬರೆಯುವುದೋ ಅಂತ ಅವರು ಇನ್ನೂ ಯೋಚಿಸುತ್ತಿದ್ದಾರೆ. ಅದು ತೀರ್ಮಾನ ಆಗುವವರೆಗೆ ಒಂದು ಪಾಯಿಂಟನ್ನೂ ನಾನು ಕಳಿಸುವುದಿಲ್ಲ.