ಮಣ್ಣಿನ ಗಡಿಗೆಯೋ, ತಾಮ್ರದ ಹಂಡೆಯೋ: ಹೆಂಗಸರು ಇಳಿಸಿದ ಎರಡು ಮೆಸ್ಕಾಲ್

ನಮ್ಮ ಬಯಲುಸೀಮೆಯ ಹೊಲದ ಬೇಲಿಯಲ್ಲಿ ನಿಂತಿರುವ ಕತ್ತಾಳೆಯ ತವರು ಮೆಕ್ಸಿಕೊ. ಅಲ್ಲಿನ ಒಹಾಕಾ ರಾಜ್ಯದಲ್ಲಿ ಅದರ ನೆಂಟ ಜಾತಿಯಾದ ಎಸ್ಪಡೀನ್‌ನಿಂದ ಮೆಸ್ಕಾಲ್ ಎಂಬ ಮದ್ಯ ಇಳಿಸುತ್ತಾರೆ. ಹೋಲಿಕೆಗೆ ಇಟ್ಟದ್ದು ಎರಡು ಶೀಸೆ: ಸಾಂತಾ ಕತರೀನಾ ಮೀನಾಸ್ ಊರಿನ ಮಣ್ಣಿನ ಗಡಿಗೆಯದು, ಸಾಂತಿಯಾಗೊ ಮತತ್ಲಾನ್‌ನ ತಾಮ್ರದ ಹಂಡೆಯದು. ಎರಡೂ ಎಸ್ಪಡೀನ್, ಎರಡರಲ್ಲೂ ಮದ್ಯಸಾರ ಶೇ. 48ರ ಆಸುಪಾಸು, ಎರಡನ್ನೂ ಇಳಿಸಿದವರು ಹೆಂಗಸರು.

ಒಲೆಗೆ ಏರುವವರೆಗೆ ಇಬ್ಬರ ಕೆಲಸವೂ ಹೆಚ್ಚುಕಡಿಮೆ ಒಂದೇ. 6ರಿಂದ 8 ವರ್ಷ ಬೆಳೆದ ಗಿಡದ ಎಲೆ ಸವರಿ, ಗೆಡ್ಡೆಯಂಥ ದಪ್ಪ ಕಾಂಡವನ್ನು ಕಾದ ಕಲ್ಲಿನ ಗುಂಡಿಯಲ್ಲಿ ಮುಚ್ಚಿ 3ರಿಂದ 5 ದಿನ ಬೇಯಿಸುತ್ತಾರೆ. ಹೊಗೆಯ ವಾಸನೆ ಬರುವುದು ಇಲ್ಲಿಂದಲೇ. ಮೀನಾಸ್‌ನಲ್ಲಿ ಬೆಂದ ಗೆಡ್ಡೆಯನ್ನು ಮರದ ಕೊಡತಿಯಿಂದ ಜಜ್ಜುತ್ತಾರೆ. ಮತತ್ಲಾನ್‌ನಲ್ಲಿ ಕುದುರೆ ಎಳೆಯುವ ಕಲ್ಲಿನ ಗಾಲಿ. ಆಮೇಲೆ ಮರದ ತೊಟ್ಟಿಯಲ್ಲಿ ನಾರು ಸಮೇತ ಹುಳಿ ಬರಲು ಬಿಡುತ್ತಾರೆ. ಸೆಕೆಗಾಲದಲ್ಲಿ ಒಂದು ವಾರ ಸಾಕು, ಚಳಿಯಲ್ಲಿ ಇನ್ನೂ ಬೇಕು. ತೊಟ್ಟಿಗೆ ಕಿವಿ ಕೊಟ್ಟು ಗುಳುಗುಳು ಸದ್ದು ತಗ್ಗಿತೇ, ನಾಲಿಗೆಗೆ ಸಿಹಿ ಹೋಯಿತೇ ಅಂತ ನೋಡಬೇಕು. ಬೇಗ ಎತ್ತಿದರೆ ಇಳುವರಿ ಇಲ್ಲ, ತಡವಾದರೆ ವಿನೆಗರ್.

ವ್ಯತ್ಯಾಸ ಶುರುವಾಗುವುದು ಒಲೆಯ ಮೇಲೆ. ತಾಮ್ರದ ಹಂಡೆಗೆ ಒಂದೇ ಸಲ 250–300 ಲೀಟರ್ ಹಿಡಿಸುತ್ತದೆ. ಗಡಿಗೆಗೆ ಅದರ ಕಾಲುಭಾಗವೂ ಕಷ್ಟ. ಗಡಿಗೆಯ ಮೇಲೆ ತಳವಿಲ್ಲದ ಇನ್ನೊಂದು ಗಡಿಗೆ, ಅದರ ಬಾಯಿಗೆ ತಣ್ಣೀರು ತುಂಬಿದ ತಾಮ್ರದ ಬೋಗುಣಿ. ಆವಿ ಬೋಗುಣಿಯ ತಳಕ್ಕೆ ತಾಗಿ ಹನಿಯಾಗಿ ಒಳಗಿಟ್ಟ ಸೌಟಿನಂಥ ಹಲಗೆಗೆ ಬಿದ್ದು, ಬಿದಿರಿನಂಥ ಕೊಳವೆಯಿಂದ ಹೊರಗೆ ಹರಿಯುತ್ತದೆ. ಬೋಗುಣಿಯ ನೀರು ಬಿಸಿಯಾಗಲು ಬಿಟ್ಟರೆ ಆವಿ ಹನಿಯಾಗುವುದಿಲ್ಲ, ಸಂದಿಯಿಂದ ಸೋರಿ ಹೋಗುತ್ತದೆ. ಉರಿ ಹೆಚ್ಚಾದರೆ ನಾರು ತಳ ಹಿಡಿದು ಸೀದ ವಾಸನೆ. ಗಡಿಗೆಯೇ ಸೀಳಿದರೆ ಆ ಸರದಿಯ ಮಾಲೆಲ್ಲ ಬೂದಿ ಪಾಲು. ತಾಮ್ರ ಇಷ್ಟು ಕಾಡುವುದಿಲ್ಲ, ಮೇಲಾಗಿ ಗಂಧಕದ ಕೆಟ್ಟ ವಾಸನೆಯನ್ನು ತಾನೇ ಹೀರಿಕೊಳ್ಳುತ್ತದೆ.

ಕೈಚಳಕ ಇರುವುದು ಎರಡನೇ ಇಳಿಕೆಯಲ್ಲಿ. ಮೊದಲು ಬರುವ ಘಾಟು, ನಡುವಿನ ಸಾರ, ಕೊನೆಯ ಹುಳಿ ನೀರು: ಮೂರನ್ನೂ ಬೇರೆ ಹಿಡಿದು, ಬೇಕಾದಷ್ಟು ಮದ್ಯಸಾರ ಬರುವ ಹಾಗೆ ಮತ್ತೆ ಕೂಡಿಸಬೇಕು. ಅಳತೆಗೆ ಮೀಟರಿಲ್ಲ. ಜೊಂಡಿನ ಕೊಳವೆಯಲ್ಲಿ ಎಳೆದು ಒಣಕಾಯಿಯ ಬುರುಡೆ ಬಟ್ಟಲಿಗೆ ಧಾರೆ ಬಿಟ್ಟರೆ ಮೇಲೆ ಮಣಿ ಕಟ್ಟುತ್ತದೆ. ಮದ್ಯಸಾರ ಸುಮಾರು ಶೇ. 45ರಿಂದ 55ರ ನಡುವೆ ಇದ್ದರೆ ಮಣಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾದರೂ ಕಡಿಮೆಯಾದರೂ ತಟ್ಟನೆ ಒಡೆಯುತ್ತದೆ. ಬಟ್ಟಲಿಗೆ ಸಾಬೂನಿನ ಜಿಡ್ಡಿದ್ದರೆ ಈ ಲೆಕ್ಕ ಕೆಡುತ್ತದೆ, ಹಾಗಾಗಿ ಆ ಬಟ್ಟಲನ್ನು ಬೇರೆ ಯಾವುದಕ್ಕೂ ಮುಟ್ಟಿಸುವುದಿಲ್ಲ.

ರುಚಿಗೆ ಬಂದರೆ, ಅಗಲ ಬಾಯಿಯ ಲೋಟದಲ್ಲಿ ಐಸು, ನಿಂಬೆ ಇಲ್ಲದೆ, ಸುರಿದು 10 ನಿಮಿಷ ಬಿಟ್ಟು ನೋಡಿದ್ದು. ತಾಮ್ರದ್ದು ಚುರುಕು: ಕಿತ್ತಳೆ ಸಿಪ್ಪೆ, ಬೆಂದ ಗೆಡ್ಡೆಯ ಸಿಹಿ, ಕೊನೆಗೆ ಕಾಳುಮೆಣಸು. ಮಣ್ಣಿನದು ಮೊದಲ ಮಳೆಯ ನೆಲದ ವಾಸನೆ, ಬಾಯಲ್ಲಿ ತುಪ್ಪದಷ್ಟು ದಪ್ಪ, ಕೊನೆಗೊಂದು ಉಪ್ಪಿನ ಎಳೆ. ಎಸ್ಪಡೀನ್‌ಗೆ ಮಣ್ಣೇ ವಾಸಿ. ಹೂವಿನಂಥ ನವಿರು ವಾಸನೆಯ ತೊಬಲಾ ಜಾತಿಯಾದರೆ ತಾಮ್ರ. ಮಣ್ಣಿನಲ್ಲಿ ಆ ನವಿರು ಮಂಕಾಗುತ್ತದೆ. ಮಣ್ಣಿನದಕ್ಕೆ ಬೆಲೆ ಹೆಚ್ಚು, ಅದು ನ್ಯಾಯವೇ.

ಮೀನಾಸ್‌ನ ಹೆಸರು ಬಂದಾಗ ಗ್ರಸಿಯೇಲಾ ಆಂಖೆಲೆಸ್ ಕಾರ್ರೆನೊ ಅವರನ್ನು ಬಿಟ್ಟು ಮಾತಿಲ್ಲ. ರಿಯಲ್ ಮಿನೇರೊ ಎಂಬ ಭಟ್ಟಿ ನಡೆಸುವ ಅವರ ದೊಡ್ಡ ಕೆಲಸ ಬೀಜದ ನರ್ಸರಿ. ಎಸ್ಪಡೀನ್‌ ಅನ್ನು ಸಾಮಾನ್ಯವಾಗಿ ಬುಡದ ಮರಿಯಿಂದ ಬೆಳೆಸುತ್ತಾರೆ. ಎಲ್ಲ ಗಿಡವೂ ತಾಯಿಯ ಪಡಿಯಚ್ಚು, ಒಂದಕ್ಕೆ ರೋಗ ಬಂದರೆ ಇಡೀ ತೋಟಕ್ಕೆ ಅಪಾಯ. ಬೀಜ ಬೇಕಾದರೆ ಹೂಗೊನೆ ಏಳಲು ಬಿಡಬೇಕು, ಆಗ ಗೆಡ್ಡೆಯ ಸಕ್ಕರೆಯೆಲ್ಲ ಗೊನೆಗೇ ಹೋಗುತ್ತದೆ. ಹಾಗೆ ಬಿಟ್ಟ ಗಿಡ ಭಟ್ಟಿಗೆ ಬಾರದು.

ಕೊಳ್ಳುವಾಗ ಶೀಸೆಯ ಮೇಲಿನ ಚೀಟಿ ಓದಿ. ಮೆಕ್ಸಿಕೊದ 2016ರ ನಿಯಮದ ಪ್ರಕಾರ ಮಣ್ಣಿನ ಗಡಿಗೆ, ನಾರು, ನೇರ ಉರಿ ಇದ್ದದ್ದು ‘ಆನ್ಸೆಸ್ತ್ರಾಲ್’ (ಪೂರ್ವಿಕರ ರೀತಿಯದು), ತಾಮ್ರದ್ದು ‘ಆರ್ತೆಸಾನಾಲ್’ (ಕೈಕೆಲಸದ್ದು). ‘ದೆಸ್ತಿಲಾದೊ ದೆ ಅಗಾವೆ’, ಅಂದರೆ ಕತ್ತಾಳೆಯಿಂದ ಇಳಿಸಿದ್ದು, ಅಂತಿದ್ದರೆ ವಾಪಸ್ ಇಡಬೇಡಿ, ಪ್ರಮಾಣಪತ್ರ ಪಡೆಯದವರು ಮೆಸ್ಕಾಲ್ ಅನ್ನುವ ಹೆಸರು ಬಳಸುವಂತಿಲ್ಲ, ಅಷ್ಟೇ. ‘ಮಾಯೆಸ್ತ್ರಾ’ ಅಂದರೆ ಭಟ್ಟಿ ಇಳಿಸುವುದರಲ್ಲಿ ಪಳಗಿದ ಹೆಂಗಸು, ‘ಮಾಯೆಸ್ತ್ರೊ’ ಅಂದರೆ ಅಂಥ ಗಂಡಸು. ಬರೀ ಮನೆತನದ ಹೆಸರಿದ್ದರೆ ಮಣಿ ನೋಡಿದವರು ಯಾರು ಅಂತ ಅಂಗಡಿಯವರನ್ನು ಕೇಳಿ.