ಮನೆಗೇ ಬರುವ ಫಿಟ್ ಮಲಪರೀಕ್ಷೆ: ಕಿಟ್ ಚೆನ್ನಾಗಿದೆ, ಫಾರಂ ಸಾಲದು

ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆಗೆ ಬೆಂಗಳೂರಿನ ಖಾಸಗಿ ಲ್ಯಾಬ್‌ಗಳಿಂದ ಮನೆಗೆ ತರಿಸಿಕೊಳ್ಳಬಹುದಾದ ಫಿಟ್ ಕಿಟ್ (ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಪರೀಕ್ಷೆ) ನಂಬಬಹುದಾದ ಸಾಧನ. ಮನುಷ್ಯರ ಹಿಮೋಗ್ಲೋಬಿನ್‌ಗೆ ಮಾತ್ರ ಅಂಟುವ ಪ್ರತಿಕಾಯ ಇದರಲ್ಲಿದೆ. ಹಾಗಾಗಿ ಹಿಂದಿನ ದಿನ ಮಟನ್ ತಿಂದಿದ್ದರೂ ಮೂಲಂಗಿ ಹುಳಿ ಉಂಡಿದ್ದರೂ ತೊಂದರೆಯಿಲ್ಲ. ಹಳೆಯ ‘ಅಕಲ್ಟ್ ಬ್ಲಡ್’ ರಾಸಾಯನಿಕ ಪರೀಕ್ಷೆಗೆ ಪಥ್ಯ ಬೇಕು. ಬುಕ್ ಮಾಡುವಾಗಲೇ ಯಾವುದೆಂದು ಕೇಳಿಕೊಳ್ಳಿ. ಚೆಕಪ್ ಪ್ಯಾಕೇಜ್‌ಗಳಲ್ಲಿ ಸೇರಿಸುವ ಸಿಇಎ ರಕ್ತಪರೀಕ್ಷೆ (ಕೆಲವು ಕ್ಯಾನ್ಸರ್‌ಗಳಲ್ಲಿ ಏರುವ ಪ್ರೋಟೀನಿನ ಅಳತೆ) ಇದಕ್ಕೆ ಬದಲಿಯಲ್ಲ.

ಮಾದರಿ ತೆಗೆಯುವಾಗಲೇ ಹೆಚ್ಚು ಎಡವಟ್ಟು. ಕಮೋಡ್ ಮೇಲೆ ಕಾಗದ ಹಾಸಿ, ನೀರು, ಮೂತ್ರ ತಾಗುವ ಮೊದಲೇ ಕಡ್ಡಿಯಿಂದ ಐದಾರು ಕಡೆ ಕೆರೆಯಿರಿ. ಕಡ್ಡಿಯ ಗೀರುಗಳು ತುಂಬಿದರೆ ಸಾಕು. ಹೆಚ್ಚು ತುಂಬಿದರೆ ಅಂಕಿ ಸುಳ್ಳೇ ಏರುತ್ತದೆ. ಮುಟ್ಟಿನ ದಿನಗಳಲ್ಲಿ ಬೇಡ. ಬಿಸಿಲಿಗೆ ಹಿಮೋಗ್ಲೋಬಿನ್ ಕೆಟ್ಟು ಸುಳ್ಳು ನೆಗೆಟಿವ್ ಬರಬಹುದು. ಏಪ್ರಿಲ್‌ನ ಮಧ್ಯಾಹ್ನ ಬೈಕಿನ ಪೆಟ್ಟಿಗೆಯಲ್ಲಿ ಊರು ಸುತ್ತಿಸದೆ, ಲ್ಯಾಬ್‌ನವರು ಬರುವವರೆಗೆ ಫ್ರಿಜ್‌ನಲ್ಲಿಟ್ಟು (ಫ್ರೀಜರ್ ಅಲ್ಲ) ಬೆಳಗ್ಗೆಯೇ ಒಯ್ಯಲು ಹೇಳಿ.

ಸೇವೆ ಸೋಲುವುದು ಬುಕ್ ಮಾಡುವಾಗ ತುಂಬಿಸುವ ಫಾರಂನಲ್ಲಿ. ವಯಸ್ಸು, ಶುಗರ್, ಬಿಪಿ ಇಷ್ಟನ್ನೇ ಕೇಳಿದರೆ ಕಿಟ್ ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂದು ತಿಳಿಯುವುದಿಲ್ಲ. ಈ ಕ್ಯಾನ್ಸರಿನ ಅಪಾಯ ಅಳೆಯುವ ಏಷ್ಯಾ-ಪೆಸಿಫಿಕ್ ಅಂಕಪಟ್ಟಿ ಇದಕ್ಕೆ ಅರ್ಧ ನಿಮಿಷದ ಕೆಲಸ: ವಯಸ್ಸು 50ರಿಂದ 69 ಇದ್ದರೆ 2, 70 ಮತ್ತು ಮೇಲೆ 3, ಗಂಡಸಾದರೆ 1, ಬೀಡಿ-ಸಿಗರೇಟು ಈಗ ಅಥವಾ ಹಿಂದೆ ಸೇದಿದ್ದರೆ 1, ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ 2. ಒಟ್ಟು 4 ದಾಟಿದರೆ ಅಥವಾ ಮುಟ್ಟಿದರೆ ಹೆಚ್ಚಿನ ಅಪಾಯ, ಕಿಟ್ ಬಿಟ್ಟು ನೇರ ಕೊಲೊನೊಸ್ಕೋಪಿ (ಗುದದ್ವಾರದ ಮೂಲಕ ಕ್ಯಾಮೆರಾ ನಳಿಕೆ ಹಾಕಿ ದೊಡ್ಡಕರುಳನ್ನು ನೋಡುವ ಪರೀಕ್ಷೆ). ಸಿಗರೇಟು ಬಿಟ್ಟು ವರ್ಷಗಳಾದ 58ರ ಗಂಡಸು, ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲದಿದ್ದರೂ, ಆಗಲೇ 4ಕ್ಕೆ ಬಂದಿರುತ್ತಾರೆ!

ಆದರೆ ಅಂಕಪಟ್ಟಿಯನ್ನೇ ಪೂರ್ತಿ ನಂಬುವಂತಿಲ್ಲ. ಅಪ್ಪನಿಗೆ 48ರಲ್ಲಿ ಈ ಕ್ಯಾನ್ಸರ್ ಕಂಡಿದ್ದರೆ, ಸಿಗರೇಟು ಮುಟ್ಟದ 38ರ ಮಗಳಿಗೆ ಬರುವ ಅಂಕ ಬರೀ 2. ಮಾರ್ಗಸೂಚಿ ಮಾತ್ರ 40ಕ್ಕೆ ಅಥವಾ ಅಪ್ಪನಿಗೆ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ, ಕೊಲೊನೊಸ್ಕೋಪಿ ಶುರುಮಾಡಿ ಎನ್ನುತ್ತದೆ. ಅಂದರೆ ಆಕೆಗೆ ಈಗಲೇ. ಲಿಂಚ್ ಸಿಂಡ್ರೋಮ್ (ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿ ದೋಷ), ಹಲವು ವರ್ಷಗಳ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ಉರಿಯೂತ) ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಮಲದಲ್ಲಿ ರಕ್ತ ಕಣ್ಣಿಗೇ ಕಾಣುತ್ತಿದ್ದರೆ ಕಿಟ್ ತರಿಸುತ್ತಾ ಕೂರದೆ ವೈದ್ಯರ ಬಳಿ ಹೋಗಿ.

ರಿಪೋರ್ಟ್‌ನಲ್ಲಿ ‘ನೆಗೆಟಿವ್’ ಎಂಬ ಪದದ ಜೊತೆ ಅಂಕಿಯನ್ನೂ ಕೇಳಿ ಪಡೆಯಿರಿ. ಗ್ರಾಂ ಮಲಕ್ಕೆ 20 ಮೈಕ್ರೊಗ್ರಾಂ ಹಿಮೋಗ್ಲೋಬಿನ್ ಹಲವೆಡೆ ಬಳಸುವ ಪಾಸಿಟಿವ್ ಗಡಿ. ಒಂದು ಸಲದ ಫಿಟ್ ಸುಮಾರು ಐದರಲ್ಲಿ ಒಂದು ಕ್ಯಾನ್ಸರನ್ನು ಹಿಡಿಯಲಾರದು, ಅದಕ್ಕೇ ವರ್ಷಕ್ಕೊಮ್ಮೆ ಮಾಡಿಸಬೇಕು. ಪಾಸಿಟಿವ್ ಬಂದರೆ ‘ಮೂಲವ್ಯಾಧಿ ಇರಬೇಕು’ ಎಂದೋ, ಇನ್ನೊಂದು ಕಿಟ್ ತರಿಸಿಯೋ ದಿನ ತಳ್ಳಬೇಡಿ. ಮುಂದಿನ ಹೆಜ್ಜೆ ಕೊಲೊನೊಸ್ಕೋಪಿಯೇ. ಅದರ ಹಿಂದಿನ ದಿನ ರಾಗಿಮುದ್ದೆ, ಸೊಪ್ಪು, ಬೀಜವಿರುವ ಹಣ್ಣು ಬಿಟ್ಟು ತಿಳಿಯಾದ ಅನ್ನ-ಮಜ್ಜಿಗೆ. ಭೇದಿ ದ್ರಾವಣದ ಅರ್ಧ ಭಾಗ ಹಿಂದಿನ ರಾತ್ರಿ ಕುಡಿಯಿರಿ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು. ಒಂದೇ ಸಲ ಕುಡಿದರೆ ಕರುಳು ಸರಿಯಾಗಿ ಸ್ವಚ್ಛವಾಗದೆ ಸಣ್ಣ ಪಾಲಿಪ್‌ಗಳು (ಕರುಳಿನ ಒಳಗೋಡೆಯ ಗಂಟುಗಳು) ತಪ್ಪಿಹೋಗುತ್ತವೆ.