ಚಳಿಗಾಲದ ಮಂಕಿಗೆ ಲೈಟ್ ಥೆರಪಿ ಲ್ಯಾಂಪ್: ಅರವತ್ತು ದಾಟಿದವರು ಕೊಳ್ಳುವ ಮುಂಚೆ ಓದಿ

ಚಳಿಗಾಲ ಬಂದರೆ ಕವಿಯುವ ಖಿನ್ನತೆಗೆ ಅಂತ ಈ 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಪ್ರಖರತೆಯ ಅಳತೆ) ಲ್ಯಾಂಪನ್ನು ಕೆಲವು ಚಳಿಗಾಲಗಳಿಂದ ಬಳಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಕೆಲಸ ಮಾಡಿದೆ. ನನ್ನ ತಕರಾರು ಏನಿದ್ದರೂ ಇದರ ಬಗ್ಗೆ ಆನ್‌ಲೈನಿನಲ್ಲಿ ಸಿಗುವ ಸಲಹೆಗಳ ಮೇಲೆ. ಓದಿದರೆ ಗೊತ್ತಾಗುತ್ತದೆ, ಬಹುಪಾಲು ಮೂವತ್ತರ ಆಸುಪಾಸಿನವರಿಗೆ, ದಿನಕ್ಕೆ ಒಂದು ಮಾತ್ರೆಯನ್ನೂ ನುಂಗದವರಿಗೆ ಬರೆದದ್ದು. ನಮ್ಮ ವಯಸ್ಸಿನವರಿಗೆ ಬೇಕಾದ ಅರ್ಧ ವಿಷಯ ಅದರಲ್ಲಿ ಇರುವುದೇ ಇಲ್ಲ.

ಬಳಕೆ ಸುಲಭ. ಬೆಳಗ್ಗೆ ಎದ್ದ ಒಂದು ಗಂಟೆಯೊಳಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಇದರ ಮುಂದೆ ಕೂರಬೇಕು. ಕಣ್ಣು ತೆರೆದಿರಬೇಕು, ಆದರೆ ದೀಪವನ್ನೇ ದಿಟ್ಟಿಸಬಾರದು. ನಾನು ಪಕ್ಕಕ್ಕೆ ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಪೇಪರ್ ಓದುತ್ತೇನೆ. ಮನೆಯೊಳಗಿನ ಮಾಮೂಲಿ ದೀಪದ ಬೆಳಕು ಕೆಲವು ನೂರು ಲಕ್ಸ್ ಅಷ್ಟೇ, ಹಾಗಾಗಿ ಕೋಣೆಯಲ್ಲಿ ಇನ್ನೆರಡು ಬಲ್ಬ್ ಹಾಕಿದರೆ ಸಾಕು ಅನ್ನುವ ಮಾತು ನಡೆಯುವುದಿಲ್ಲ.

ಕೊಳ್ಳುವಾಗ ಒಂದನ್ನು ಮಾತ್ರ ಸರಿಯಾಗಿ ನೋಡಿ: 10,000 ಲಕ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಎಷ್ಟು ದೂರದಲ್ಲಿ? ಒಳ್ಳೆಯ ದೊಡ್ಡ ಪ್ಯಾನೆಲ್ ಆದರೆ 40ರಿಂದ 60 ಸೆಂಟಿಮೀಟರ್ ದೂರದಲ್ಲೂ ಅಷ್ಟು ಬೆಳಕು ಕೊಡುತ್ತದೆ. ಅಂಗೈಯಗಲದ ಪುಟಾಣಿ ಲ್ಯಾಂಪುಗಳಲ್ಲಿ ಆ ಅಂಕಿ ಸಿಗಬೇಕಾದರೆ ಮುಖವನ್ನು ಹತ್ತಿರ ಹತ್ತಿರ ಅದಕ್ಕೆ ಒತ್ತಿಕೊಂಡು ಕೂರಬೇಕು. ಕುತ್ತಿಗೆ ನೋವು ಇರುವವರು ಅರ್ಧ ಗಂಟೆ ಹಾಗೆ ಕೂತು ತೋರಿಸಲಿ ನೋಡೋಣ. ಬೆಳಕು 2,500 ಲಕ್ಸ್‌ಗೆ ಇಳಿದರೆ ಸುಮಾರು ಎರಡು ಗಂಟೆ ಬೇಕಾಗುತ್ತದೆ, ಅಷ್ಟು ಹೊತ್ತು ದಿನಾ ಯಾರು ಕೂರುತ್ತಾರೆ?

ಒಂದೆರಡು ವಾರದಲ್ಲಿ ವ್ಯತ್ಯಾಸ ಗೊತ್ತಾಯಿತು. ಖುಷಿ ಉಕ್ಕಿ ಬಂತು ಅಂತೇನಲ್ಲ. ಮಧ್ಯಾಹ್ನದ ಆ ಜೋಂಪು ಕಡಿಮೆಯಾಯಿತು, ಸುಮ್ನೆ ಏನಾದರೂ ತಿನ್ನುತ್ತಲೇ ಇರಬೇಕು ಅನ್ನುವ ಚಪಲ ಇಳಿಯಿತು, ಫೋನ್ ಬಂದರೆ ಎತ್ತಿ ಮಾತಾಡುವ ಮನಸ್ಸಾಯಿತು. ಶುರುವಿನಲ್ಲಿ ಸ್ವಲ್ಪ ತಲೆನೋವಿತ್ತು, ದೀಪವನ್ನು ಇನ್ನಷ್ಟು ದೂರ ಸರಿಸಿ ಹೊತ್ತು ಕಡಿಮೆ ಮಾಡಿದ ಮೇಲೆ ಹೋಯಿತು.

ಇನ್ನು ಆ ಸಲಹೆಗಳ ವಿಷಯ.

ಎಲ್ಲ ಕಡೆ 'ಎಷ್ಟು ಬೇಗ ಕೂತರೆ ಅಷ್ಟು ಒಳ್ಳೆಯದು' ಅಂತ ಬರೆದಿರುತ್ತಾರೆ. ತಡವಾಗಿ ಏಳುವ ಹುಡುಗರಿಗೆ ಅದು ಸರಿ. ವಯಸ್ಸಾದವರಲ್ಲಿ ಎಷ್ಟೋ ಜನರಿಗೆ ಮೊದಲೇ ನಾಲ್ಕು ಗಂಟೆಗೆ ಎಚ್ಚರವಾಗಿರುತ್ತದೆ. ನಸುಕಿನ ಜೋರು ಬೆಳಕು ದೇಹದ ಗಡಿಯಾರವನ್ನು ಇನ್ನೂ ಮುಂಚಿನ ಹೊತ್ತಿಗೆ ಎಳೆಯುತ್ತದೆ, ಆಮೇಲೆ ಸಂಜೆ ಏಳಕ್ಕೇ ತೂಕಡಿಕೆ, ಮೂರಕ್ಕೇ ಎಚ್ಚರ. ಇಂಥವರು ಹೊತ್ತನ್ನು ಡಾಕ್ಟರ ಹತ್ತಿರ ಮಾತಾಡಿಯೇ ಗೊತ್ತು ಮಾಡಿಕೊಳ್ಳಬೇಕು. ರಾತ್ರಿ ಹೊತ್ತು ಮಾತ್ರ ಯಾರೂ ಹಚ್ಚಬೇಡಿ, ನಿದ್ದೆ ಕೆಡುತ್ತದೆ.

ಕಣ್ಣಿನ ಮಾತಂತೂ ಯಾರೂ ಎತ್ತುವುದೇ ಇಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ಪಾಪೆ ಕಿರಿದಾಗುತ್ತದೆ, ಒಳಗೆ ಹೋಗುವ ಬೆಳಕು, ಅದರಲ್ಲೂ ನೀಲಿ ಬೆಳಕು, ಕಡಿಮೆಯಾಗುತ್ತದೆ. ಪೊರೆ ತೆಗೆಸಿ ಹೊಸ ಲೆನ್ಸ್ ಹಾಕಿಸಿಕೊಂಡವರಿಗೆ ಅದೇ ದೀಪ ಜಾಸ್ತಿ ಪ್ರಖರ ಅನ್ನಿಸಬಹುದು. ಹೀಗಿರುವಾಗ ಎಲ್ಲರಿಗೂ ಅರ್ಧ ಗಂಟೆ ಅಂತ ಒಂದೇ ಅಳತೆ ಕೊಟ್ಟರೆ ಹೇಗೆ? ಗ್ಲಾಕೋಮಾ, ರೆಟಿನಾದ ತೊಂದರೆ, ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಪೆಟ್ಟು ಬಿದ್ದವರು ಮೊದಲು ಕಣ್ಣಿನ ಡಾಕ್ಟರನ್ನು ಕೇಳಿ. ನೀಲಿ ಬೆಳಕು ಜಾಸ್ತಿ ಇದ್ದರೆ ಪರಿಣಾಮವೂ ಜಾಸ್ತಿ ಅನ್ನುವ ಜಾಹೀರಾತಿಗೆ ಮರುಳಾಗಬೇಡಿ. ಬಿಳಿ ಬೆಳಕು, ನೇರಳಾತೀತ ಕಿರಣ ತಡೆಯುವ ಪರದೆ, ಇಷ್ಟಿದ್ದರೆ ಸಾಕು.

ಮಾತ್ರೆಗಳದ್ದು ಇನ್ನೊಂದು ಕಥೆ. ಹೃದಯದ ಬಡಿತ ಸರಿಪಡಿಸಲು ಕೊಡುವ ಅಮಿಯೊಡರೋನ್, ಡಾಕ್ಸಿಸೈಕ್ಲಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳು ಮೈಯನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. ಬೈಪೋಲಾರ್ (ಖಿನ್ನತೆಯೂ ಉನ್ಮಾದವೂ ಬಂದು ಹೋಗುವ ಕಾಯಿಲೆ) ಇರುವವರಿಗೆ ಈ ದೀಪದಿಂದಲೇ ಉನ್ಮಾದ ಕೆರಳುವ ಅಪಾಯವಿದೆ. ಎಲ್ಲಕ್ಕಿಂತ ಸಿಟ್ಟು ಬರುವುದು ದೀಪದ ಪುಟದ ಕೆಳಗೇ 'ಇದನ್ನೂ ಕೊಳ್ಳಿ' ಅಂತ ಖಿನ್ನತೆಗೆ ಅಂತ ಮಾರುವ ಸೇಂಟ್ ಜಾನ್ಸ್ ವರ್ಟ್ ಮಾತ್ರೆ ತೋರಿಸುವುದು ನೋಡಿದರೆ. ಗಿಡಮೂಲಿಕೆ, ಹಾಗಾಗಿ ನಿರಪಾಯ ಅಂತೆ! ಅದು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಎರಡರ ಶಕ್ತಿಯನ್ನೂ ಕುಗ್ಗಿಸುತ್ತದೆ, ಡಿಪ್ರೆಶನ್ ಮಾತ್ರೆಗಳ ಜೊತೆ ಸೇರಿದರೆ ಪ್ರಾಣಕ್ಕೇ ಅಪಾಯ ತರಬಹುದು. ವಿಟಮಿನ್ ಡಿ ಕೂಡ ಅಷ್ಟೇ, ಬಿಪಿಗೆ ಥಯಝೈಡ್ ಮಾತ್ರೆ ತೆಗೆದುಕೊಳ್ಳುವವರು ತಾವೇ ಜಾಸ್ತಿ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿಬಿಡಬಹುದು.

ಅಷ್ಟಕ್ಕೂ ನಮ್ಮದು ಋತುವಿನ ಖಿನ್ನತೆಯೇ ಅಂತ ಆನ್‌ಲೈನ್ ಪ್ರಶ್ನಾವಳಿ ಹೇಳಿಬಿಡಲು ಆಗುತ್ತದೆಯೇ? ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಗಾರರು 1984ರಲ್ಲಿ ಇದಕ್ಕೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅಂತ ಹೆಸರಿಟ್ಟರು. ಈಗ ಡಾಕ್ಟರುಗಳು ಕನಿಷ್ಠ ಎರಡು ವರ್ಷ ಒಂದೇ ಋತುವಿನಲ್ಲಿ ಬಂದು ಹೋಗಿದೆಯೇ ಅಂತ ನೋಡುತ್ತಾರೆ. ನಮ್ಮ ವಯಸ್ಸಿನಲ್ಲಿ ಸುಸ್ತು, ಮಂಕು ಅಂದರೆ ಥೈರಾಯ್ಡ್ ಇಳಿದಿರಬಹುದು, ಬಿ12 ಕಡಿಮೆ ಇರಬಹುದು, ಬಿಪಿ ಮಾತ್ರೆಯದ್ದೇ ಕಾರಣವಿರಬಹುದು. ಆ ಪ್ರಶ್ನಾವಳಿಯಲ್ಲಿ ನಿದ್ದೆ ಸರಿ ಬರುತ್ತದೆಯೇ ಅಂತ ಕೇಳಿದರೆ ಮಂಡಿನೋವಿಗೆ ಎಚ್ಚರವಾಗುವವರು ಏನು ಉತ್ತರ ಕೊಡಬೇಕು? ಅದಕ್ಕೇ 1980ರ ದಶಕದಲ್ಲಿ ವಯಸ್ಸಾದವರಿಗೆ ಅಂತ ಬೇರೆ ಪ್ರಶ್ನಾವಳಿ ಮಾಡಿದರು, ಜೆರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್. ಅದರ ಚಿಕ್ಕ ರೂಪದಲ್ಲಿ ಹೌದು-ಇಲ್ಲ ಅನ್ನುವ 15 ಪ್ರಶ್ನೆಗಳಿವೆ, ಮೈನೋವಿನ ಗೋಜಿಗೆ ಹೋಗುವುದಿಲ್ಲ. ಅದನ್ನು ತುಂಬಿಸಿ ಡಾಕ್ಟರಿಗೆ ತೋರಿಸಿ. 'ವಯಸ್ಸಾಯಿತಲ್ಲ, ಇದೆಲ್ಲ ಮಾಮೂಲು' ಅಂತ ಯಾರಾದರೂ ಬರೆದಿದ್ದರೆ ಆ ಪುಟವನ್ನು ಅಲ್ಲೇ ಮುಚ್ಚಿಬಿಡಿ.

ಲ್ಯಾಂಪ್ ಮಾರುವವರು ಬಾಯಿಬಿಡದ ಇನ್ನೊಂದು ವಿಷಯ ಇದೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಅವರ ತಂಡ ಬೆಳಕಿನ ಚಿಕಿತ್ಸೆಯನ್ನೂ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯನ್ನೂ ಹೋಲಿಸಿ ನೋಡಿತು. ಆ ಚಳಿಗಾಲಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಎರಡು ಚಳಿಗಾಲ ಕಳೆದ ಮೇಲೆ ನೋಡಿದರೆ ಖಿನ್ನತೆ ಮರಳಿ ಬಂದದ್ದು ಸಿಬಿಟಿ ಪಡೆದವರಲ್ಲಿ ಕಡಿಮೆ. ಇದು 2016ರಲ್ಲೇ ಪ್ರಕಟವಾಗಿದೆ. ದೀಪ ಆರಿಸಿದರೆ ಅದರ ಕೆಲಸವೂ ಅಲ್ಲಿಗೇ ಮುಗಿಯುತ್ತದೆ, ಪ್ರತಿ ವರ್ಷ ಮತ್ತೆ ಕೂರಲೇಬೇಕು.

ನನ್ನ ಲ್ಯಾಂಪಿನ ಕೊರತೆಗಳು: ಟಚ್ ಸ್ವಿಚ್ ಒಣಗಿದ ಬೆರಳಿಗೆ ಸ್ಪಂದಿಸುವುದೇ ಇಲ್ಲ, ಟೈಮರ್ ಇಲ್ಲ, ಸ್ಟ್ಯಾಂಡ್ ಅಲುಗಾಡುತ್ತದೆ. ಕಣ್ಣಿನ ತೊಂದರೆಯ ಎಚ್ಚರಿಕೆಯನ್ನು ಕೈಪಿಡಿಯ ಕೊನೆಯ ಪುಟದಲ್ಲಿ ಭೂತಗನ್ನಡಿ ಹಿಡಿದರೂ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ ಹಾಕಿದ್ದಾರೆ! ದೂರು ಹೇಳಲು ಹೋದರೆ ಚಾಟ್‌ಬಾಟ್ ಬಿಟ್ಟು ಮನುಷ್ಯರು ಸಿಗಲಿಲ್ಲ. ದೀಪಕ್ಕೆ ಐದಕ್ಕೆ ನಾಲ್ಕು ಸ್ಟಾರ್, ಕೈಪಿಡಿಗೆ ಒಂದು.